ಮನೆಗೆಲಸದ ಮಾತು: ಕೀಸುಳಿಯ ಅಲಗಿಗೊಂದು ಸಾಣೆಬಂಡಿ

ಮಳೆಗಾಲ ಹಿಡಿಯಿತೆಂದರೆ ನಮ್ಮ ಮಲೆನಾಡಿನ ಮನೆಗಳಲ್ಲಿ ಬಾಗಿಲುಗಳು ಮುನಿಸಿಕೊಳ್ಳುವುವು. ಮರವು ಗಾಳಿಯ ತೇವವನ್ನು ಕುಡಿದು ಅಡ್ಡಲಾಗಿ ಹಿಗ್ಗುವುದು. ವೈಶಾಖದಲ್ಲಿ ಒಂದು ಬೆರಳಿನಿಂದ ಮುಚ್ಚುತ್ತಿದ್ದ ಕದಕ್ಕೆ ಶ್ರಾವಣದಲ್ಲಿ ಹೆಗಲು ಕೊಡಬೇಕಾಗುವುದು. ಆಗ ಗೃಹಸ್ಥನಿಗೆ ಕೀಸುಳಿಯ ನೆನಪು ಬರುವುದು. ಅಟ್ಟದ ಮೇಲಿನ ಪೆಟ್ಟಿಗೆಯಿಂದ ಅದನ್ನು ಇಳಿಸಿ, ಧೂಳು ಕೊಡವಿ, ಕದದ ಅಂಚಿನ ಮೇಲಿಟ್ಟು ನೂಕಿದರೆ ಒಂದೋ ಅದು ಮರವನ್ನು ಮುಟ್ಟದವರಂತೆ ಜಾರಿಹೋಗುವುದು, ಇಲ್ಲವೇ ಕಚ್ಚಿಕೊಂಡು ನಿಂತು ಅಂಚನ್ನು ಸೀಳಿಬಿಡುವುದು. "ಈ ಕೀಸುಳಿ ಕೆಟ್ಟಿದೆ" ಎಂದು ಅದನ್ನು ಮರಳಿ ಅಟ್ಟಕ್ಕೆ ಕಳುಹಿಸುವವರೇ ಬಹು ಮಂದಿ. ವಾಸ್ತವವಾಗಿ ಕೆಟ್ಟಿರುವುದು ಅದರೊಳಗಿನ ಅಲಗಿನ ಬಾಯಿ ಮಾತ್ರ. ಅದನ್ನು ಮನೆಯಲ್ಲಿಯೇ ಸರಿಪಡಿಸಿಕೊಳ್ಳುವ ಒಂದು ಚಿಕ್ಕ ಸಾಧನದ ವಿಚಾರವಾಗಿ ಈ ತಿಂಗಳು ಬರೆಯಬೇಕೆಂದಿದ್ದೇನೆ.

ನಾನು ಕೀಸುಳಿಯೆನ್ನುವುದನ್ನು ಕೆಲವೆಡೆ ಉಜ್ಜುಗೊರಡೆಂದೂ, ಹತ್ತರಿಯೆಂದೂ, ತೋಪಡವೆಂದೂ, ರಂದವೆಂದೂ ಕರೆಯುವರು. ವಾಚಕರು ತಮ್ಮ ತಮ್ಮ ಊರಿನ ಹೆಸರನ್ನು ಇಟ್ಟುಕೊಂಡು ಓದಿಕೊಳ್ಳಬೇಕಾಗಿ ಪ್ರಾರ್ಥನೆ. ಇದೇನೂ ನಿನ್ನೆ ಮೊನ್ನೆಯ ಉಪಕರಣವಲ್ಲ. ಕ್ರಿ. ಶ. 79ರಲ್ಲಿ ವೆಸೂವಿಯಸ್ ಪರ್ವತದ ಬೂದಿಯಡಿಯಲ್ಲಿ ಹೂತುಹೋದ ಪೊಂಪೇಯಿ ನಗರವನ್ನು ಅಗೆದಾಗ ಅಲ್ಲಿಯ ಬಡಗಿಗಳ ಕೀಸುಳಿಗಳು ದೊರೆತುವು. ನಮ್ಮ ಆಚಾರಿಯವರ ಕೈಗೆ ಕೊಟ್ಟರೆ ಈಗಲೂ ಗುರುತಿಸಿಯಾರು.

ನಾನು ಸಂಸ್ಕೃತ ಕಲಿಸುತ್ತಿದ್ದವನಾದುದರಿಂದ ಒಂದು ಮಾತನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಬಡಗಿಗೆ ತಕ್ಷನೆಂದು ಹೆಸರು. ಅದು ತಕ್ಷ್ ಎಂಬ ಧಾತುವಿನಿಂದ ಬಂದುದು. ಮಸೆದುದಕ್ಕೆ ನಿಶಿತವೆಂದು ಹೆಸರು. ಅದು ಶೋ ಎಂಬ ಧಾತುವಿನಿಂದ ಬಂದುದು. ಧಾತುಪಾಠವನ್ನು ತೆರೆದು ನೋಡಿದರೆ ಈ ಎರಡು ಧಾತುಗಳಿಗೂ ಒಂದೇ ಅರ್ಥವನ್ನು ಕೊಟ್ಟಿದೆ: ತನೂಕರಣ, ಎಂದರೆ ತೆಳ್ಳಗೆ ಮಾಡುವುದು. ಮರವನ್ನು ತೆಳ್ಳಗೆ ಮಾಡಬೇಕಾದವನು ಮೊದಲು ಕಬ್ಬಿಣವನ್ನು ತೆಳ್ಳಗೆ ಮಾಡಬೇಕು. ಮೂವತ್ತು ವರ್ಷ ಮಕ್ಕಳಿಗೆ ಈ ಧಾತುಗಳನ್ನು ಬಾಯಿಪಾಠ ಮಾಡಿಸಿದರೂ ಎರಡಕ್ಕೂ ಇರುವ ನಂಟು ನನಗೆ ತಿಳಿದದ್ದು ನಿವೃತ್ತನಾದ ಮೇಲೆ, ಕೈಗೆ ಕೀಸುಳಿ ಬಂದಾಗ. ಇನ್ನೊಂದು ವಿನೋದವೂ ಉಂಟು. ಸಂಸ್ಕೃತದಲ್ಲಿ ತಕ್ಷಣವೆಂದರೆ ಮರಗೆಲಸ. ತತ್‌ಕ್ಷಣವೆಂಬುದನ್ನು ನಾವು ಕನ್ನಡದಲ್ಲಿ ತಕ್ಷಣವೆಂದು ಬರೆದು ಕೂಡಲೇ ಎಂಬ ಅರ್ಥದಲ್ಲಿ ಬಳಸುತ್ತೇವೆ. ಮರಗೆಲಸವು ಎಂದಿಗೂ ತತ್‌ಕ್ಷಣ ಆಗತಕ್ಕದ್ದಲ್ಲವೆಂಬುದು ಕೈಯಿಟ್ಟವರಿಗೆಲ್ಲ ಗೊತ್ತು.

ಇರಲಿ, ಪ್ರಕೃತಕ್ಕೆ ಬರೋಣ. ಈ ಸಾಧನವನ್ನು ನಾನು ನನ್ನ ಬಾಗಿಲಿಗಾಗಿ ಮಾಡಲಿಲ್ಲ. ನಮ್ಮ ಬೀದಿಯ ಕೊನೆಯಲ್ಲಿ 70 ದಾಟಿದ ಆಚಾರಿಯವರೊಬ್ಬರು ಇದ್ದಾರೆ. ನಾನು ಪಾಠ ಹೇಳಿದ ಶಾಲೆಯ ಕಿಟಕಿ ಬಾಗಿಲುಗಳೂ, ನಾನು ಈಗ ಬರೆಯುತ್ತಿರುವ ಮೇಜೂ ಅವರ ಕೈಯವೇ. ಎರಡು ವರ್ಷಗಳಿಂದ ಅವರ ಬಲಗೈ ನಡುಗುತ್ತಿದೆ. ಕಳೆದ ಮಾಘ ಮಾಸದಲ್ಲಿ ಅವರ ಮೊಮ್ಮಗಳಿಗೆ ಲಗ್ನ ನಿಶ್ಚಯವಾಯಿತು. ಹುಡುಗಿ ಹುಟ್ಟಿದ ವರ್ಷವೇ ಕೊಯ್ಯಿಸಿಟ್ಟ ಹಲಸಿನ ಹಲಗೆಗಳು ಅವರ ಅಟ್ಟದ ಮೇಲೆ ಇದ್ದುವು. ಅವುಗಳಿಂದ ಅವಳ ಹಸೆಮಣೆಗಳನ್ನು ತಾವೇ ಮಾಡಬೇಕೆಂಬುದು ಅವರ ಸಂಕಲ್ಪ. ನಾನು ಹೋದಾಗ ಅವರು ಹಲಗೆಯ ಮುಂದೆ ಸುಮ್ಮನೆ ಕುಳಿತಿದ್ದರು.

"ಮೇಷ್ಟ್ರೇ, ಕೀಸುಳಿ ಜಾರುತ್ತದೆ, ಕಚ್ಚುವುದಿಲ್ಲ. ಕಬ್ಬಿಣ ಸತ್ತುಹೋಯಿತು" ಎಂದರು. ಒಳಗಿನಿಂದ ಮಗನು, "ಪೇಟೆಯಿಂದ ತಂದರೆ ಆಯಿತು ಎಂದು ಎಷ್ಟು ಸಲ ಹೇಳುವುದು, ಅಪ್ಪಯ್ಯ" ಎಂದನು. ಅವನ ಮಾತಿನಲ್ಲಿ ತಾತ್ಸಾರವಿರಲಿಲ್ಲ. ತಂದೆಯ ಕಷ್ಟವನ್ನು ನೋಡಲಾರದೆ ಆಡಿದ ಮಾತು. ಆದರೂ ಮುದುಕರ ಮುಖ ಸಪ್ಪಗಾಯಿತು.

ನಾನು ಅಲಗನ್ನು ಬಿಚ್ಚಿಸಿ ಬೆಳಕಿಗೆ ಹಿಡಿದು ನೋಡಿದೆ. ಕಬ್ಬಿಣ ಸತ್ತಿರಲಿಲ್ಲ. ಚಪ್ಪಟೆಯಾಗಿರಬೇಕಾದ ಇಳಿಜಾರು ಉಗುರಿನ ತುದಿಯಂತೆ ದುಂಡಗಾಗಿತ್ತು. ಅಷ್ಟೇ ದೋಷ, ಆದರೆ ಕೀಸುಳಿಗೆ ಅದು ಸಾಕು.

ಅದು ಹೇಗೆಂದರೆ: ಸಾಮಾನ್ಯವಾದ ಕೀಸುಳಿಯಲ್ಲಿ ಅಲಗು ಸುಮಾರು 45 ಡಿಗ್ರಿ ವಾಲಿಕೊಂಡು, ಮಸೆದ ಇಳಿಜಾರು ಕೆಳಮುಖವಾಗಿ ಕುಳಿತಿರುತ್ತದೆ. ಬಾಯಿಯನ್ನು 30 ಡಿಗ್ರಿಗೆ ಮಸೆದಿದ್ದರೆ ಇಳಿಜಾರಿಗೂ ಮರಕ್ಕೂ ನಡುವೆ 15 ಡಿಗ್ರಿಯ ತೆರಪು ಉಳಿಯುವುದು. ಈ ತೆರಪು ಅವಶ್ಯ. ಏಕೆಂದರೆ ಮರವು ಕಣ್ಣಿಗೆ ಕಾಣದಷ್ಟು ಮಟ್ಟಿಗೆ ಬಾಗಿ ಏಳುವ ಗುಣವುಳ್ಳದ್ದು. ಬಾಯಿಯ ಒತ್ತಡಕ್ಕೆ ತಗ್ಗಿದ ಎಳೆಗಳು ಬಾಯಿ ದಾಟಿದ ಕೂಡಲೆ ತುಸು ಮೇಲೇಳುವುವು. ಕೈಯಿಂದ ಮಸೆಯುವಾಗ ಅಲಗು ಹಿಂದೆ ಮುಂದೆ ತೂಗಾಡಿದರೆ ತುದಿಯ ಕೋನವು 30ರಿಂದ 35ಕ್ಕೆ, 35ರಿಂದ 40ಕ್ಕೆ ಏರುತ್ತ ಹೋಗುವುದು. ತೆರಪು 5 ಡಿಗ್ರಿಗೆ ಇಳಿಯಿತೆಂದರೆ ಮೇಲೆದ್ದ ಎಳೆಗಳು ಇಳಿಜಾರಿನ ಹಿಮ್ಮಡಿಗೆ ತಾಗಿ ಅಲಗನ್ನೇ ಎತ್ತಿಬಿಡುವುವು. ಆಗ ಬಾಯಿ ಎಷ್ಟೇ ಹರಿತವಾಗಿರಲಿ, ಕೀಸುಳಿ ಜಾರುವುದು. ಆಚಾರಿಯವರು ಅದನ್ನು ಮೊಂಡೆಂದು ತಿಳಿದು ಮತ್ತಷ್ಟು ಮಸೆದರು. ಮಸೆದಷ್ಟೂ ಅದು ಮತ್ತಷ್ಟು ದುಂಡಗಾಯಿತು.

ಕೀಸುಳಿಯನ್ನು ನೂಕುವುದು ತೋಳು, ಸೊಂಟ, ಕಾಲುಗಳ ಕೆಲಸ. ಅವು ಅವರಲ್ಲಿ ಗಟ್ಟಿಯಾಗಿದ್ದುವು. ಅಲಗನ್ನು ಕಲ್ಲಿನ ಮೇಲೆ ಒಂದೇ ಕೋನದಲ್ಲಿ ಹಿಡಿಯುವುದು ಮಣಿಕಟ್ಟಿನ, ಬೆರಳಿನ ಕೆಲಸ. ಅದು ಮಾತ್ರ ಕೈಬಿಟ್ಟಿತ್ತು. ಹಾಗಾದರೆ ಹಿಡಿಯುವ ಕೆಲಸವನ್ನು ಬೇರೊಂದಕ್ಕೆ ಒಪ್ಪಿಸಿದರಾಯಿತೆಂದು ಆಲೋಚಿಸುತ್ತ ಮನೆಗೆ ಬಂದೆ.

ಇಂತಹ ಸಾಧನಗಳು ಅಂಗಡಿಯಲ್ಲಿಯೂ ದೊರೆಯುವುವು. ಅಗ್ಗದವು ಅಲಗನ್ನು ಸರಿಯಾಗಿ ಹಿಡಿಯಲಾರವು. ಚೆನ್ನಾದವುಗಳ ಬೆಲೆಯಲ್ಲಿ ಎರಡು ಹೊಸ ಅಲಗು ಬಂದೀತು. ಆದಕಾರಣ ಮನೆಯಲ್ಲಿಯೇ ಮಾಡತೊಡಗಿದೆ. ಮೊದಲ ಪ್ರಯತ್ನವು ಹಾಸ್ಯಾಸ್ಪದವಾದುದನ್ನು ಮುಚ್ಚಿಡುವುದಿಲ್ಲ. ಅಲಗನ್ನು ಎರಡು ಮರದ ತುಂಡುಗಳ ನಡುವೆ ಬಿಗಿದು, ಕೆಳಗೆ ಒಂದು ಉರುಳೆ ಇಟ್ಟರೆ ಸಾಕೆಂದು ತಿಳಿದು, ಅಡಿಗೆಯ ಮನೆಯ ಹಳೆಯ ಲಟ್ಟಣಿಗೆಯನ್ನು ತಂದು ಕತ್ತರಿಸಿದೆ. ಲಟ್ಟಣಿಗೆಯು ನಡುವೆ ದಪ್ಪವಾಗಿಯೂ ತುದಿಗಳಲ್ಲಿ ಸಣ್ಣದಾಗಿಯೂ ಇರುವುದೆಂಬುದು ಹೋಳಿಗೆ ತಿನ್ನುವವರಿಗೆ ತಿಳಿಯದಿದ್ದರೂ ಲಟ್ಟಿಸುವವರಿಗೆ ತಿಳಿದಿರುತ್ತದೆ. ಬಂಡಿಯು ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ವಾಲಿತು. ಸಾಲದೆಂಬಂತೆ ನೀರು ಕುಡಿದು ಉರುಳೆ ಉಬ್ಬಿ ನಿಂತಿತು. ನನ್ನ ಹಳೆಯ ಅಲಗಿನ ಬಾಯಿ ಬಿದಿಗೆಯ ಚಂದ್ರನಂತೆ ಆಯಿತು. ನಮ್ಮ ಮನೆಯವರು ಬಾಗಿಲಲ್ಲಿ ನಿಂತು ನೋಡಿ, "ಲಟ್ಟಣಿಗೆ ಹೋಯಿತು, ಕತ್ತಿಯೂ ಹೋಯಿತು, ಇನ್ನು ಮಣೆಯೊಂದು ಉಳಿದಿದೆ, ಅದನ್ನೂ ಕೊಡಲೇ?" ಎಂದು ಕೇಳಿದರು. ಹೊಸ ಲಟ್ಟಣಿಗೆ ಬಂದ ಮೇಲೆಯೇ ಎರಡನೆಯ ಬಂಡಿಯ ಕೆಲಸಕ್ಕೆ ಅಪ್ಪಣೆಯಾಯಿತು.

ಇದರಿಂದ ಎರಡು ಸಂಗತಿಗಳು ತಿಳಿದುವು. ಉರುಳುವ ಭಾಗವು ಲೋಹದ್ದಾಗಿರಬೇಕು, ಮತ್ತು ಎರಡೂ ಪಕ್ಕದ ಚಕ್ರಗಳ ಗಾತ್ರವು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಸಮನಾಗಿರಬೇಕು. ಈ ಎರಡು ಗುಣಗಳೂ ಕೂಡಿ ಅಗ್ಗಕ್ಕೆ ದೊರೆಯುವ ವಸ್ತುವೆಂದರೆ ಗುಂಡು ಬೇರಿಂಗು. ಮಕ್ಕಳ ಚಕ್ರದ ಬೂಟುಗಳಲ್ಲಿರುವ, 608 ಎಂಬ ಅಂಕಿಯ ಬೇರಿಂಗನ್ನು ತೆಗೆದುಕೊಳ್ಳತಕ್ಕದ್ದು. ಅದರ ಹೊರವ್ಯಾಸ 22 ಮಿ.ಮೀ., ನಡುವಿನ ತೂತು 8 ಮಿ.ಮೀ., ಅಗಲ 7 ಮಿ.ಮೀ.; ಯಾರು ತಯಾರಿಸಿದರೂ ಇದೇ ಅಳತೆ. ಇವು ಎರಡು ಬೇಕು. ಅಚ್ಚಿಗೆ 8 ಮಿ.ಮೀ. ದಪ್ಪ, 120 ಮಿ.ಮೀ. ಉದ್ದದ ಒಂದು ಬೋಲ್ಟು. ಅಲಗನ್ನು ಬಿಗಿಯುವುದಕ್ಕೆ 6 ಮಿ.ಮೀ. ದಪ್ಪ, 50 ಮಿ.ಮೀ. ಉದ್ದದ ಎರಡು ಬೋಲ್ಟುಗಳು, ಮತ್ತು ಬೆರಳಿನಿಂದ ತಿರುಗಿಸಬಹುದಾದ ಎರಡು ಕಿವಿಯ ನಟ್ಟುಗಳು. ಇಷ್ಟಕ್ಕೆ ಯಂತ್ರಭಾಗಗಳ ಅಂಗಡಿಗೆ ಒಂದು ಸಲ ಹೋಗಿಬಂದರೆ ಸಾಕು.

ಮರದ ಭಾಗಗಳು ಎರಡೇ. ಕೆಳಗಿನ ತುಂಡು 90 ಮಿ.ಮೀ. ಅಗಲ, 40 ಮಿ.ಮೀ. ಉದ್ದ, 16 ಮಿ.ಮೀ. ದಪ್ಪ. ಇಲ್ಲಿ ಅಗಲವೆಂದರೆ ಅಲಗಿಗೆ ಅಡ್ಡಲಾಗಿ ಅಳೆದದ್ದು, ಉದ್ದವೆಂದರೆ ಅಲಗಿನ ನೀಳಕ್ಕೆ ಅಳೆದದ್ದು. ಮೇಲಿನ ಪಟ್ಟಿ 90 ಅಗಲ, 20 ಉದ್ದ, 15 ದಪ್ಪ. ಹಳೆಯ ತೇಗವಾಗಲಿ ಹೊನ್ನೆಯಾಗಲಿ ಆಗಬಹುದು. ಹಸಿಮರ ಮಾತ್ರ ಬೇಡ.

ಕೆಳತುಂಡಿನ ಅಡಿಯಲ್ಲಿ, ಮುಂದಿನ ಅಂಚಿಗೆ ಸಮಾನಾಂತರವಾಗಿ, 8 ಮಿ.ಮೀ. ಅಗಲ 8 ಮಿ.ಮೀ. ಆಳದ ಒಂದು ತೋಡನ್ನು ಕೊರೆಯಬೇಕು. ತೋಡಿನ ನಡುಗೆರೆಯು ಮುಂದಿನ ಅಂಚಿನಿಂದ 8 ಮಿ.ಮೀ. ದೂರದಲ್ಲಿರತಕ್ಕದ್ದು. ಮೂಲೆಮಟ್ಟವಿಟ್ಟು ಗೆರೆ ಎಳೆದು, ಎರಡು ಪಕ್ಕಗಳಲ್ಲಿ ಗರಗಸದಿಂದ ಕೊಯ್ದು, ನಡುವಿನದನ್ನು ಉಳಿಯಿಂದ ತೆಗೆಯಬಹುದು. ಇಡೀ ಬಂಡಿಯಲ್ಲಿ ಅವಸರ ಸಲ್ಲದ ಸ್ಥಳವೆಂದರೆ ಇದೊಂದೇ. ತೋಡು ಓರೆಯಾದರೆ ಅಚ್ಚು ಓರೆಯಾಗುವುದು, ಅಚ್ಚು ಓರೆಯಾದರೆ ಬಾಯಿ ಓರೆಯಾಗುವುದು. ನಾನು ಒಂದು ತುಂಡನ್ನು ಕೆಡಿಸಿ ಎರಡನೆಯದರಲ್ಲಿ ಗೆದ್ದೆ. ಅಚ್ಚನ್ನು ತೋಡಿನಲ್ಲಿ ಕೂರಿಸಿ, ಎರಡು ನಳಿಗೆಗಳಿಂದ ಹಿಂಡಿ ಬೆರೆಸುವ ಎಪಾಕ್ಸಿ ಅಂಟನ್ನು ಹಾಕಿ, ಮೇಲೆ ತಗಡಿನ ಎರಡು ಸಣ್ಣ ಪಟ್ಟಿಗಳನ್ನು ತಿರುಪುಮೊಳೆಗಳಿಂದ ಬಿಗಿಯಬೇಕು. ಅಚ್ಚು ತಿರುಗಕೂಡದು, ತಿರುಗತಕ್ಕದ್ದು ಬೇರಿಂಗಿನ ಹೊರಬಳೆ ಮಾತ್ರ. ಆದುದರಿಂದ ಮರಕ್ಕೂ ಬೇರಿಂಗಿಗೂ ನಡುವೆ, ಒಳಬಳೆಯನ್ನು ಮಾತ್ರ ತಾಗುವಂತಹ ಚಿಕ್ಕ ವಾಷರನ್ನು ಇಡುವುದನ್ನು ಮರೆಯಬಾರದು.

ಬಿಗಿಯುವ ಬೋಲ್ಟುಗಳಿಗೆ ಮುಂದಿನ ಅಂಚಿನಿಂದ 24 ಮಿ.ಮೀ. ಹಿಂದೆ, ಒಂದರಿಂದೊಂದು 70 ಮಿ.ಮೀ. ದೂರದಲ್ಲಿ ಎರಡು ತೂತುಗಳು. ಬೋಲ್ಟಿನ ತಲೆಗಳನ್ನು ಅಡಿಯಿಂದ ಮರದೊಳಕ್ಕೆ ಹುದುಗಿಸಬೇಕು. ಮೇಲ್ಪಟ್ಟಿಗೂ ಅದೇ ದೂರದಲ್ಲಿ ತೂತುಗಳು. ಮೇಲ್ಪಟ್ಟಿಯ ಕೆಳಮೈಯನ್ನು ನಡುವೆ ತುಸು ಉಬ್ಬಿರುವಂತೆ ಕೀಸಬೇಕು. ಚಪ್ಪಟೆಯಾಗಿ ಬಿಟ್ಟರೆ ಎರಡು ತುದಿಗಳನ್ನು ಬಿಗಿದಾಗ ಪಟ್ಟಿಯು ಬಿಲ್ಲಿನಂತೆ ಬಾಗಿ, ಅಲಗಿನ ಪಕ್ಕಗಳು ಮಾತ್ರ ಒತ್ತಲ್ಪಟ್ಟು ನಡುವೆ ಸಡಿಲವಿರುವುದು. ಅಲಗು ಮಸೆಯುವಾಗ ಮೆಲ್ಲನೆ ತಿರುಗಿಬಿಡುವುದು.

ಈಗ ಕೋನದ ಮಾತು. ಅಲಗನ್ನು ಇಳಿಜಾರು ಕೆಳಮುಖವಾಗಿ ಕೆಳತುಂಡಿನ ಮೇಲಿಟ್ಟು, ಬಾಯಿಯು ತುಂಡಿನ ಮುಂದಿನ ಅಂಚಿನಿಂದ 40 ಮಿ.ಮೀ. ಹೊರಚಾಚುವಂತೆ ಬಿಗಿದರೆ ಕೋನವು 30 ಡಿಗ್ರಿ ಬರುವುದು, 50 ಮಿ.ಮೀ. ಚಾಚಿದರೆ 25 ಡಿಗ್ರಿ. ಇದು ದೈವವಶಾತ್ ಬಂದ ಲೆಕ್ಕವಲ್ಲ. ಚಕ್ರದ ನಡು ನೆಲದಿಂದ 11 ಮಿ.ಮೀ. ಎತ್ತರದಲ್ಲಿದೆ. ಅಲಗು 3 ಮಿ.ಮೀ. ದಪ್ಪವೆಂದಿಟ್ಟುಕೊಂಡರೆ ಅದರ ಬೆನ್ನಿನಿಂದ ಚಕ್ರದ ನಡುವಿಗೆ 15 ಮಿ.ಮೀ. ದೂರ. ಬಾಯಿಯಿಂದ ಚಕ್ರದ ನೇರಕ್ಕೆ ಅಲಗಿನ ಮೇಲೆ ಅಳೆದ ಉದ್ದವು 11ರ ಎರಡರಷ್ಟು ಮತ್ತು 15ರ ಒಂದೂಮುಕ್ಕಾಲರಷ್ಟು ಕೂಡಿ ಸುಮಾರು 48 ಆದಾಗ ಕೋನ 30 ಆಗುವುದು. ಅದರಲ್ಲಿ ಅಂಚಿನಿಂದ ಅಚ್ಚಿಗಿರುವ 8ನ್ನು ಕಳೆದರೆ 40. ಪ್ರೌಢಶಾಲೆಯಲ್ಲಿ ತ್ರಿಕೋನಮಿತಿಯನ್ನು ಓದುವ ಮಕ್ಕಳು ಮನೆಯಲ್ಲಿದ್ದರೆ ಅವರಿಂದ ಈ ಲೆಕ್ಕವನ್ನು ಮಾಡಿಸಬೇಕು. ಅದು ಯಾವುದಕ್ಕೆ ಉಪಯೋಗವೆಂದು ಅವರು ಕೇಳುವುದು ನಿಲ್ಲುವುದು. ಅಲಗು ದಪ್ಪವಾಗಿದ್ದರೆ ಪ್ರತಿಯೊಂದು ಹೆಚ್ಚಿನ ಮಿಲಿಮೀಟರಿಗೂ ಚಾಚುವಿಕೆಯನ್ನು ಒಂದೂಮುಕ್ಕಾಲು ಮಿಲಿಮೀಟರು ಹೆಚ್ಚಿಸಬೇಕು. ಇಂಗ್ಲಿಷ್ ಮಾದರಿಯ ಕಬ್ಬಿಣದ ಕೀಸುಳಿಗಳ 2 ಮಿ.ಮೀ. ಅಲಗಿಗೆ ಅಷ್ಟೇ ಕಡಿಮೆ ಮಾಡಬೇಕು. ಲೆಕ್ಕ ಬೇಡವೆನ್ನುವವರು ಮಕ್ಕಳ ಕಂಪಾಸು ಪೆಟ್ಟಿಗೆಯಲ್ಲಿರುವ ನೀಳವಾದ ಮೂಲೆಪಟ್ಟಿಯನ್ನು ತೆಗೆದುಕೊಂಡು, ಅದರ 30 ಡಿಗ್ರಿಯ ಮೂಲೆಯನ್ನು ಅಲಗಿನ ಪಕ್ಕದಲ್ಲಿ ನಿಲ್ಲಿಸಿ ಕಣ್ಣಿನಿಂದಲೇ ಹೊಂದಿಸಿಕೊಳ್ಳಬಹುದು.

ಪ್ರತಿಸಲವೂ ಅಳೆಯುವ ತೊಂದರೆ ತಪ್ಪಿಸಲು ಒಂದು ಹಲಗೆಯ ಚೂರಿನ ಮೇಲೆ, ಅಂಚಿನಿಂದ 40 ಮತ್ತು 50 ಮಿ.ಮೀ. ದೂರದಲ್ಲಿ ಎರಡು ಸಣ್ಣ ಪಟ್ಟಿಗಳನ್ನು ಪಕ್ಕಪಕ್ಕದಲ್ಲಿ ಮೊಳೆ ಹೊಡೆದು ಇಟ್ಟುಕೊಳ್ಳತಕ್ಕದ್ದು. ಬಂಡಿಯ ಮುಂಭಾಗವನ್ನು ಹಲಗೆಯ ಅಂಚಿಗೆ ಒತ್ತಿ, ಅಲಗಿನ ಬಾಯಿಯನ್ನು ಪಟ್ಟಿಗೆ ತಾಗಿಸಿ ಬಿಗಿದರೆ ಅಳತೆಯೂ ಬರುವುದು, ಬಾಯಿಯು ಅಚ್ಚಿಗೆ ಸಮಾನಾಂತರವೂ ಆಗುವುದು. ಬಾಯಿ ಮೊದಲೇ ಓರೆಯಾಗಿದ್ದರೆ ಮಾತ್ರ ಅಲಗಿನ ಪಕ್ಕಕ್ಕೆ ಮೂಲೆಮಟ್ಟವಿಟ್ಟು ಹೊಂದಿಸಬೇಕು.

ಬಂಡಿ ಓಡುವುದಕ್ಕೆ ನೆಲ ಬೇಕಲ್ಲವೇ? ಕಲ್ಲಿಗಿಂತ ಗಾಜು ಮೇಲು. ಹಳೆಯ ಸಾಣೆಕಲ್ಲುಗಳು ನಡುವೆ ಸವೆದು ತೊಟ್ಟಿಲಿನಂತಾಗಿರುವುವು. ಈಗಿನ ಗಾಜನ್ನು ಕರಗಿದ ತವರದ ಮೇಲೆ ತೇಲಿಸಿ ಮಾಡುವರು. ಇಂಗ್ಲೆಂಡಿನ ಪಿಲ್ಕಿಂಗ್ಟನ್ ಸಂಸ್ಥೆಯವರು 1959ರಲ್ಲಿ ಪ್ರಕಟಪಡಿಸಿದ ಈ ವಿಧಾನದಿಂದ, ಮೊದಲು ಅರೆದು ಹೊಳಪು ಕೊಟ್ಟು ಸಾಧಿಸುತ್ತಿದ್ದ ಸಮತಟ್ಟು ಈಗ ತಾನಾಗಿಯೇ ಬರುವುದು. ಗಾಜಿನಂಗಡಿಯಲ್ಲಿ 8 ಅಥವಾ 10 ಮಿ.ಮೀ. ದಪ್ಪದ, 150 ಮಿ.ಮೀ. ಅಗಲ 400 ಮಿ.ಮೀ. ಉದ್ದದ ತುಂಡನ್ನು ಅಂಚು ಉಜ್ಜಿಸಿ ತರಬೇಕು. ಅದರ ಮೇಲೆ, ವಾಹನಗಳಿಗೆ ಬಣ್ಣ ಹಾಕುವವರು ನೀರು ಹಚ್ಚಿ ಉಜ್ಜುವ ಕಪ್ಪು ಉಪ್ಪುಕಾಗದ. ಅದರ ಹರಳು ಸಿಲಿಕಾನ್ ಕಾರ್ಬೈಡು. 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚಿಸನ್ ಎಂಬಾತನು ಜೇಡಿಮಣ್ಣನ್ನೂ ಕೋಕ್ ಕಲ್ಲಿದ್ದಲನ್ನೂ ವಿದ್ಯುತ್ತಿನಿಂದ ಕಾಯಿಸಿ ಇದನ್ನು ಪಡೆದು ಕಾರ್ಬೊರಂಡಮ್ ಎಂದು ಹೆಸರಿಟ್ಟನು.

ಕಾಗದದ ಹಾಳೆಯನ್ನು ನೀಳಕ್ಕೆ ಮೂರು ಪಟ್ಟಿ ಮಾಡಿದರೆ ಒಂದೊಂದೂ ಸುಮಾರು 75 ಮಿ.ಮೀ. ಅಗಲವಿರುವುದು. ಚಕ್ರಗಳ ನಡುವೆ 90 ಮಿ.ಮೀ.ಗಿಂತ ಹೆಚ್ಚು ಅಂತರವಿದೆಯಷ್ಟೆ. ಪಟ್ಟಿಯನ್ನು ಗಾಜಿನ ನಡುವೆ ಹಾಸಿದರೆ ಅಲಗು ಕಾಗದದ ಮೇಲೆಯೂ ಚಕ್ರಗಳು ಎರಡು ಪಕ್ಕದ ಬರಿಯ ಗಾಜಿನ ಮೇಲೆಯೂ, ರೈಲುಬಂಡಿ ಹಳಿಯ ಮೇಲೆ ಓಡುವಂತೆ ಓಡುವುವು. ಹರಳಿನ ಪುಡಿ ಬೇರಿಂಗಿಗೆ ಸೇರದು. ಲಟ್ಟಣಿಗೆಯ ಬಂಡಿಗೆ ಈ ಭಾಗ್ಯವಿರಲಿಲ್ಲ.

ಮಸೆಯುವ ಕ್ರಮವನ್ನು ಹೇಳುತ್ತೇನೆ. ಮೊದಲು ಬಂಡಿಯಿಲ್ಲದೆ ಅಲಗಿನ ಬೆನ್ನನ್ನು ನೋಡಿಕೊಳ್ಳಬೇಕು. ಬಾಯಿಯೆಂಬುದು ಎರಡು ಮೈಗಳು ಕೂಡುವ ಗೆರೆ. ಇಳಿಜಾರನ್ನು ಕನ್ನಡಿಯಂತೆ ಮಾಡಿ ಬೆನ್ನನ್ನು ಒರಟಾಗಿ ಬಿಟ್ಟರೆ ಗೆರೆ ಗರಗಸವಾಗುವುದು. ಬೆನ್ನನ್ನೆಲ್ಲ ತಿಕ್ಕಬೇಕಾಗಿಲ್ಲ, ಬಾಯಿಯ ಹತ್ತಿರದ ಒಂದಂಗುಲ ಗಾಜಿನ ಮೇಲೆ ಸಪಾಟಾಗಿ ಕುಳಿತರೆ ಸಾಕು. ಹೊಸ ಅಲಗಿಗೆ ಇದರಲ್ಲಿ ಅರ್ಧ ಗಂಟೆ ಹೋದೀತು. ಆಮೇಲೆ ಮತ್ತೆಂದಿಗೂ ಅಷ್ಟು ಶ್ರಮವಿಲ್ಲ.

ಬಳಿಕ 50 ಮಿ.ಮೀ. ಚಾಚಿ, 220ನೆಯ ಕಾಗದದ ಮೇಲೆ ಇಳಿಜಾರನ್ನು 25 ಡಿಗ್ರಿಗೆ ತರಬೇಕು. ಕಾಗದಕ್ಕೆ ನಾಲ್ಕು ಹನಿ ನೀರು ಚಿಮುಕಿಸಿದರೆ ಅದು ಗಾಜಿಗೆ ಅಂಟಿಕೊಳ್ಳುವುದು. ಹೆಬ್ಬೆರಳುಗಳು ಬಂಡಿಯ ಹಿಂದೆ, ತೋರುಬೆರಳುಗಳು ಅಲಗಿನ ಮೇಲೆ ಬಾಯಿಗೆ ಸಮೀಪದಲ್ಲಿ. ತನ್ನ ಕಡೆಗೆ ಎಳೆಯುವಾಗ ಮಾತ್ರ ಒತ್ತತಕ್ಕದ್ದು. ಮುಂದಕ್ಕೆ ನೂಕುವಾಗ ಒತ್ತಿದರೆ ಬಾಯಿಯು ಕಾಗದವನ್ನೇ ಕೀಸಿಬಿಡುವುದು. ದುಂಡಗಾದ ಇಳಿಜಾರಿನಲ್ಲಿ ಹೊಸ ಗೀರುಗಳು ಮೊದಲು ಹಿಮ್ಮಡಿಯಲ್ಲಿ ಕಾಣಿಸಿಕೊಂಡು, ಮೆಲ್ಲಮೆಲ್ಲನೆ ಬಾಯಿಯತ್ತ ಸಾಗುವುವು. ಅವು ಬಾಯಿಯನ್ನು ಮುಟ್ಟಿದುದಕ್ಕೆ ಕುರುಹೆಂದರೆ, ಬೆನ್ನಿನ ಕಡೆ ಬೆರಳಾಡಿಸಿದಾಗ ತುದಿಯುದ್ದಕ್ಕೂ ಸಣ್ಣ ಮುಳ್ಳಿನಂತಹ ಅಂಚು ತೊಡರುವುದು. ಅದು ಎಲ್ಲ ಕಡೆಯೂ ತೊಡರುವ ತನಕ ಕಾಗದವನ್ನು ಬದಲಿಸಕೂಡದು. ಹೊಸಬರು ತಪ್ಪುವುದು ಇಲ್ಲಿಯೇ.

ಬೇಸರದಿಂದ ವಿದ್ಯುತ್ ಸಾಣೆಚಕ್ರಕ್ಕೆ ಹಿಡಿಯುವವರುಂಟು. ಬಲ್ಲವರು ಹಿಡಿಯಲಿ, ಆದರೆ ಪ್ರತಿ ಎರಡು ಕ್ಷಣಕ್ಕೊಮ್ಮೆ ನೀರಿನಲ್ಲಿ ಅದ್ದಬೇಕು. ಉಕ್ಕು ಸುಮಾರು 300 ಡಿಗ್ರಿ ಸೆಂಟಿಗ್ರೇಡಿಗೆ ಕಾದರೆ ನೀಲಿ ಬಣ್ಣ ತಾಳುವುದು. ನೀಲಿಯಾದ ಭಾಗದ ಗಡಸುತನ ಹೋಯಿತೆಂದೇ ತಿಳಿಯಬೇಕು. ಅಷ್ಟನ್ನು ಸವೆಸಿ ಹಾಕುವುದಲ್ಲದೆ ಬೇರೆ ಉಪಾಯವಿಲ್ಲ.

ಆಮೇಲೆ ಅಲಗನ್ನು 40 ಮಿ.ಮೀ.ಗೆ ಹಿಂದೆಳೆದು ಬಿಗಿದು 400, 800, 2000ನೆಯ ಕಾಗದಗಳ ಮೇಲೆ ಕ್ರಮವಾಗಿ ಮಸೆಯುವುದು. ಪಿ ಎಂಬ ಅಕ್ಷರ ಮುಂದಿರುವ ಕಾಗದಗಳಲ್ಲಿ 400ರ ಹರಳು ಸುಮಾರು 35 ಮೈಕ್ರಾನು, 800ರದು 22, 2000ದ್ದು 10. ಒಂದು ಮೈಕ್ರಾನೆಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಕೋನವು 5 ಡಿಗ್ರಿ ಹೆಚ್ಚಿದುದರಿಂದ ಇಳಿಜಾರಿನ ತುದಿಯ ಸಣ್ಣ ಎಳೆಯಷ್ಟು ಭಾಗ ಮಾತ್ರ ಕಾಗದವನ್ನು ಮುಟ್ಟುವುದು. ಹತ್ತಿಪ್ಪತ್ತು ಎಳೆತಗಳಲ್ಲಿ ಅದು ಬೆಳ್ಳಿಯ ದಾರದಂತೆ ಹೊಳೆಯತೊಡಗುವುದು. ಕೊನೆಯಲ್ಲಿ ಬೆನ್ನನ್ನು 2000ದ ಕಾಗದದ ಮೇಲೆ ಸಪಾಟಾಗಿ ಇಟ್ಟು ನಾಲ್ಕು ಸಲ ಎಳೆದು ಮುಳ್ಳಂಚನ್ನು ತೆಗೆದು, ಹಳೆಯ ಸೊಂಟಪಟ್ಟಿಯ ತೊಗಲಿನ ಒಳಮೈಗೆ ಹಿಮ್ಮುಖವಾಗಿ ಸವರಬೇಕು. ಅಲಗಿನ ಎರಡು ಮೂಲೆಗಳನ್ನು ಮಾತ್ರ ಬಂಡಿಯಿಂದ ಬಿಡಿಸಿದ ಮೇಲೆ ಎರಡೆರಡು ಸಲ ಕಾಗದಕ್ಕೆ ತಾಗಿಸಿದರೆ ಅವು ಮರದ ಮೇಲೆ ಗೆರೆ ಬೀಳಿಸುವುದಿಲ್ಲ.

ಹರಿತವನ್ನು ಹೆಬ್ಬೆರಳಿನಿಂದ ಪರೀಕ್ಷಿಸುವ ಶೌರ್ಯ ಬೇಡ. ಬಾಯಿಯನ್ನು ದೀಪಕ್ಕೆ ಎದುರಾಗಿ ಹಿಡಿದು ನೋಡಿರಿ. ಮೊಂಡಾದ ಬಾಯಿ ಬಿಳಿಯ ಗೆರೆಯಾಗಿ ಮಿನುಗುವುದು. ಹರಿತವಾದ ಬಾಯಿಗೆ ಬೆಳಕನ್ನು ಹಿಂದಿರುಗಿಸುವಷ್ಟು ಅಗಲವೇ ಇಲ್ಲವಾದುದರಿಂದ ಏನೂ ಕಾಣದು. ಕೆಲಸ ಮುಗಿದ ಮೇಲೆ ಅಲಗನ್ನು ಒಣಬಟ್ಟೆಯಿಂದ ಒರಸಿ ಹೊಲಿಗೆ ಯಂತ್ರದ ಎಣ್ಣೆ ಸವರದಿದ್ದರೆ ಮಲೆನಾಡಿನ ಹವೆಯಲ್ಲಿ ಬೆಳಗಾಗುವುದರೊಳಗೆ ತುಕ್ಕು ಮೂಡುವುದು. ಗಾಜಿನ ಮೇಲಿನ ಕಪ್ಪು ನೀರನ್ನು ಅಡಿಗೆಮನೆಯ ತೊಟ್ಟಿಯಲ್ಲಿ ತೊಳೆಯಬಾರದೆಂಬುದನ್ನು ನಮ್ಮ ಮನೆಯವರ ಅಪ್ಪಣೆಯಂತೆ ಇಲ್ಲಿ ಸೇರಿಸಿದ್ದೇನೆ.

ಬಂಡಿ ಸಿದ್ಧವಾದೊಡನೆ ಆಚಾರಿಯವರಲ್ಲಿಗೆ ತೆಗೆದುಕೊಂಡು ಹೋದೆ. ಅವರು ಅದನ್ನು ಕೈಯಲ್ಲಿ ಹಿಡಿದು ಚಕ್ರವನ್ನು ಒಮ್ಮೆ ತಿರುಗಿಸಿ ಕೆಳಗಿಟ್ಟರು. "ನನ್ನ ಅಪ್ಪಯ್ಯ ಕಲ್ಲು ಕೊಟ್ಟರು, ಬಂಡಿ ಕೊಡಲಿಲ್ಲ. ಕೈಗೆ ಊರುಗೋಲು ಹಿಡಿಸಿದ ಮೇಲೆ ಆಚಾರಿ ಎಂದು ಯಾಕೆ ಅನ್ನಿಸಿಕೊಳ್ಳಬೇಕು, ಮೇಷ್ಟ್ರೇ?" ಎಂದರು. ನನಗೆ ಕೂಡಲೆ ಉತ್ತರ ತೋಚಲಿಲ್ಲ. ಆಮೇಲೆ, "ಆಚಾರ್ರೇ, ಕಣ್ಣಿಗೆ ಕನ್ನಡಕ ಹಾಕಿಕೊಂಡಿದ್ದೀರಲ್ಲ, ಗೆರೆ ಎಳೆಯುವವರು ನೀವೋ ಕನ್ನಡಕವೋ?" ಎಂದೆ. ಅವರು ನಗಲೂ ಇಲ್ಲ, ಒಪ್ಪಲೂ ಇಲ್ಲ. ಬಂಡಿಯನ್ನು ಗಾಜಿನೊಡನೆ ಕಿಟಕಿಯ ಮೇಲಿಟ್ಟು ಬಂದುಬಿಟ್ಟೆ. ಹೇಳಿದ್ದು ಹೆಚ್ಚಾಯಿತೇನೋ ಎಂದು ದಾರಿಯುದ್ದಕ್ಕೂ ಅನಿಸಿತು. ಎಂಟು ದಿನ ಆ ಕಡೆ ಹೋಗಲಿಲ್ಲ.

ಒಂಬತ್ತನೆಯ ದಿನ ಅವರ ಮೊಮ್ಮಗಳೇ ಬಂದು, "ಅಜ್ಜಯ್ಯ 2000ದ ಕಾಗದ ಇನ್ನೆರಡು ಬೇಕಂತೆ, ಮೇಷ್ಟ್ರೇ" ಎಂದಳು. ಕಾಗದವನ್ನು ನಾನೇ ತೆಗೆದುಕೊಂಡು ಹೋದೆ. ಜಗಲಿಯ ಮೇಲೆ ಹಳದಿಯ ಸುರುಳಿಗಳು ಪಾದ ಮುಚ್ಚುವಷ್ಟು ಬಿದ್ದಿದ್ದುವು. ಹಲಸಿನ ಹಲಗೆಯ ಮೇಲೆ ಅಂಗೈ ಇಟ್ಟರೆ ನೀರಿನ ಮೇಲೆ ಇಟ್ಟಂತಿತ್ತು. ಅವರು ಬಂಡಿಯನ್ನು ತಿದ್ದಿಯೂ ಇದ್ದರು. ನಾನು ಉಬ್ಬಾಗಿ ಕೀಸಿದ್ದ ಮೇಲ್ಪಟ್ಟಿಗೆ ತೊಗಲಿನ ಚೂರೊಂದನ್ನು ಅಂಟಿಸಿ ಅಲಗು ಸ್ವಲ್ಪವೂ ಅಲುಗದಂತೆ ಮಾಡಿದ್ದರು. ಹಿಂಭಾಗದ ಎರಡು ಮೂಲೆಗಳನ್ನು ತಮ್ಮ ಹೆಬ್ಬೆರಳಿಗೆ ಸರಿಯಾಗಿ ಗುಳಿ ತೆಗೆದಿದ್ದರು. ಗುಳಿಯಲ್ಲಿ ಬೆರಳು ಕೂತರೆ ನಡುಕ ಬಂಡಿಗೆ ಇಳಿಯುವುದಿಲ್ಲವಂತೆ. ಇದು ನನಗೆ ಹೊಳೆದಿರಲಿಲ್ಲ. ಮಾಡಿಕೊಳ್ಳುವವರು ಈ ಎರಡನ್ನೂ ಮೊದಲೇ ಸೇರಿಸಿಕೊಳ್ಳುವುದೊಳ್ಳೆಯದು.

ಮದುವೆ ವೈಶಾಖದಲ್ಲಿ ಆಯಿತು. ಈಗ ನನ್ನ ಬಾಗಿಲು ಉಬ್ಬಿದೆಯಷ್ಟೆ. ಬಂಡಿಯನ್ನು ಎರಡು ದಿನದ ಮಟ್ಟಿಗೆ ಕೇಳೋಣವೆಂದು ಮೊನ್ನೆ ಹೋದೆ. ಆಚಾರಿಯವರು ಅಲಗನ್ನು ಬಿಗಿಯುತ್ತ, ತಲೆಯೆತ್ತದೆ, "ನೀವು ಇನ್ನೊಂದು ಮಾಡಿಕೊಳ್ಳಿ, ಮೇಷ್ಟ್ರೇ" ಎಂದರು. ಮೇಲೆ ಕೊಟ್ಟಿರುವ ಅಳತೆಗಳು ಈಗ ಮಾಡುತ್ತಿರುವ ಆ ಇನ್ನೊಂದರವು.